ಸೆಂಟೆನ್ಸ್ ಡಯಾಗ್ರಾಮಿಂಗ್: ಅದು ಪಾರ್ಸಿಂಗ್ ಅಲ್ಲ

ವಾಕ್ಯದ ಪದಗಳ ಸಂಬಂಧವನ್ನು ಗೆರೆ ಎಳೆದು ಚಿತ್ರವಾಗಿ ತೋರಿಸುವುದು ಸೆಂಟೆನ್ಸ್ ಡಯಾಗ್ರಾಮಿಂಗ್. ಆದರೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡುವವರ ಬಾಯಲ್ಲಿ ಈಗ ಎಲ್ಲವೂ ‘ಡಯಾಗ್ರಾಮಿಂಗ್’. ಪದಗಳ ಕೆಳಗೆ ನೌನ್, ವರ್ಬ್ ಅಂತ ಬರೆದರೂ ಅದೇ, ಬಣ್ಣದ ಪೆನ್ನಲ್ಲಿ ಅಡಿಗೆರೆ ಎಳೆದರೂ ಅದೇ. ಮೊನ್ನೆ ನೋಡಿದ ಒಂದು ವರ್ಕ್‌ಶೀಟಿನಲ್ಲಿ ವಾಕ್ಯವನ್ನು ಡಯಾಗ್ರಾಮ್ ಮಾಡಿ ಅಂತ ಕೇಳಿದ್ದರು. ಕೊಟ್ಟಿದ್ದ ಮಾದರಿ ಉತ್ತರದಲ್ಲಿ ಒಂದೇ ಒಂದು ಗೆರೆ ಇರಲಿಲ್ಲ, ಪಾರ್ಟ್ಸ್ ಆಫ್ ಸ್ಪೀಚ್ ಪಟ್ಟಿ ಇತ್ತು. ಅದರ ಹೆಸರು ಪಾರ್ಸಿಂಗ್.

ಪಾರ್ಸಿಂಗ್ ಒಂದೊಂದೇ ಪದವನ್ನು ಹಿಡಿದು ಅದು ಯಾವ ಜಾತಿಯದು, ಯಾವ ವಚನ, ಯಾವ ಕಾಲ ಅಂತ ಹೇಳುತ್ತದೆ. ಡಯಾಗ್ರಾಮಿಂಗ್‌ಗೆ ಪದದ ಜಾತಿ ಮುಖ್ಯ ಅಲ್ಲ. ಯಾವ ಪದ ಯಾವುದಕ್ಕೆ ಜೋತುಬಿದ್ದಿದೆ ಅನ್ನುವುದನ್ನು ಅದು ಗೆರೆಯಲ್ಲಿ ತೋರಿಸುತ್ತದೆ. ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಪುಸ್ತಕ ಓದಿದವರು ‘ಅನಾಲಿಸಿಸ್’ ಅಂತ ಹಾಕುತ್ತಿದ್ದ ಕೋಷ್ಟಕ ಇದಕ್ಕೆ ಹತ್ತಿರದ ನೆಂಟ, ಆದರೆ ಇದೇ ಅಲ್ಲ.

ಡಯಾಗ್ರಾಮಿಂಗ್ ಅಮೆರಿಕದ ಶಾಲೆಗಳಲ್ಲಿ ಬೆಳೆದ ಪದ್ಧತಿ. 1847ರಲ್ಲಿ ಸ್ಟೀಫನ್ ಕ್ಲಾರ್ಕ್ ಎಂಬ ಮೇಷ್ಟ್ರು ಪದಗಳನ್ನು ಬಲೂನಿನಂಥ ಗೂಡುಗಳಲ್ಲಿ ಕೂರಿಸಿ, ಗೂಡಿಗೆ ಗೂಡು ಅಂಟಿಸಿ ತೋರಿಸಿದರು. 1877ರಲ್ಲಿ ಬ್ರೂಕ್ಲಿನ್‌ನ ಅಲಾಂಜೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ ಬಲೂನು ಬಿಟ್ಟು ಬರೀ ಗೆರೆಗಳಿಗೆ ಬಂದರು. ಇವತ್ತಿಗೂ ಡಯಾಗ್ರಾಮ್ ಅಂದರೆ ಸಾಮಾನ್ಯವಾಗಿ ಅವರದ್ದೇ. ಒಂದು ಅಡ್ಡಗೆರೆ, ಅದನ್ನು ಸೀಳಿಕೊಂಡು ಕೆಳಗಿಳಿಯುವ ಒಂದು ಉದ್ದಗೆರೆ. ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ. ವಿಶೇಷಣಗಳೆಲ್ಲ ಕೆಳಗೆ ಓರೆಗೆರೆಗಳ ಮೇಲೆ.

ಕ್ರಿಯಾಪದ ಆದಮೇಲೆ ಬರುವ ಗೆರೆಯಲ್ಲೇ ಜಾಸ್ತಿ ಜನ ಎಡವುವುದು. ಈ ಎರಡು ವಾಕ್ಯ ನೋಡಿ: ‘ಶಿ ಕಾಲ್ಡ್ ಅ ಡಾಕ್ಟರ್’, ‘ಶಿ ಬಿಕೇಮ್ ಅ ಡಾಕ್ಟರ್’. ಪಾರ್ಸಿಂಗ್ ಮಾಡಿದರೆ ಎರಡೂ ಕಡೆ ಡಾಕ್ಟರ್ ನೌನ್, ಏಕವಚನ. ಡಯಾಗ್ರಾಮ್‌ನಲ್ಲಿ ಹಾಗಲ್ಲ. ಮೊದಲನೆಯದರಲ್ಲಿ ಕ್ರಿಯಾಪದಕ್ಕೂ ಡಾಕ್ಟರ್‌ಗೂ ನಡುವೆ ನೆಟ್ಟಗಿನ ಗೆರೆ, ಅದು ಅಡ್ಡಗೆರೆಯ ಮೇಲೆ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ. ಎರಡನೆಯದರಲ್ಲಿ ಗೆರೆ ಓರೆ, ಅದರ ತಲೆ ಕರ್ತೃವಿನ ಕಡೆಗೆ ವಾಲಿರುತ್ತದೆ. ಡಾಕ್ಟರ್ ಬೇರೆ ಯಾರೋ ಅಲ್ಲ, ಅವಳೇ ಅಂತ ಆ ವಾಲುಗೆರೆ ಹೇಳುತ್ತಿದೆ.

ಕನ್ನಡದವರಿಗೆ ಇದು ಕಷ್ಟವೇ ಆಗಬಾರದು. ‘ಡಾಕ್ಟರನ್ನು ಕರೆದಳು’ ಅನ್ನುತ್ತೇವೆ, ‘ಡಾಕ್ಟರ್ ಆದಳು’ ಅನ್ನುತ್ತೇವೆ. ‘ಡಾಕ್ಟರನ್ನು ಆದಳು’ ಅಂತ ಮೂರು ವರ್ಷದ ಮಗುವೂ ಹೇಳುವುದಿಲ್ಲ. ನಮ್ಮಲ್ಲಿ ಬಾಲಕ್ಕೆ ಅಂಟುವ ‘ಅನ್ನು’ ಮಾಡುವ ಕೆಲಸವನ್ನು ಅಲ್ಲಿ ನೆಟ್ಟಗಿನ ಗೆರೆ ಮಾಡುತ್ತದೆ. (‘ಹಣ್ಣು ತಿಂದೆ’ ಅನ್ನುವಾಗ ‘ಅನ್ನು’ ಬಿಡುತ್ತೇವೆ ನಿಜ. ಬೇಕಾದರೆ ಹಾಕಬಹುದು ತಾನೇ? ‘ಆದಳು’ ಜೊತೆ ಹಾಕಲು ಬರುವುದೇ ಇಲ್ಲ.) ಇಷ್ಟು ಒಳ್ಳೆಯ ಆಸರೆ ಮನೆಯಲ್ಲೇ ಇರುವಾಗ, ‘ಈಸ್ ಆದಮೇಲೆ ಬರುವುದು ಆಬ್ಜೆಕ್ಟ್’ ಅಂತ ಮಕ್ಕಳಿಗೆ ಉರು ಹೊಡೆಸುವುದು ತಪ್ಪು.

‘ಐ ಫೀಲ್ ಬ್ಯಾಡ್’ ಸರಿಯೋ, ‘ಬ್ಯಾಡ್ಲಿ’ ಸರಿಯೋ ಅನ್ನುವ ಜಗಳವೂ ಗೆರೆ ಎಳೆದರೆ ತೀರುತ್ತದೆ. ‘ಬ್ಯಾಡ್’ ವಾಲುಗೆರೆಯ ಆಚೆ, ಅಡ್ಡಗೆರೆಯ ಮೇಲೇ ಕೂರುತ್ತದೆ, ‘ಐ’ ಬಗ್ಗೆ ಹೇಳುತ್ತದೆ. ‘ಬ್ಯಾಡ್ಲಿ’ ಹಾಕಿದರೆ ಅದು ‘ಫೀಲ್’ ಕೆಳಗೆ ನೇತಾಡಬೇಕು. ಬೇಸರವಾಗಿದೆ ಅಂತ ಹೇಳುವುದಿದ್ದರೆ ಯಾವುದು ಬೇಕು ಅಂತ ಚಿತ್ರವೇ ತೋರಿಸುತ್ತದೆ.

‘ದ ಪೊಲೀಸ್ ಚೇಸ್ಡ್ ದ ಥೀಫ್ ಇನ್ ಅ ಕಾರ್’ ವಾಕ್ಯದಲ್ಲಿ ಕಾರು ಯಾರದು? ಕಾರಲ್ಲಿದ್ದ ಕಳ್ಳನೋ, ಕಾರಲ್ಲಿ ಅಟ್ಟಿಸಿಕೊಂಡು ಹೋದ ಪೊಲೀಸರೋ? ಪಾರ್ಸಿಂಗ್ ಮಾಡುವವರು ‘ಇನ್’ ಪ್ರೆಪೊಸಿಷನ್ ಅಂತ ಬರೆದು ಮುಂದೆ ಹೋಗಬಹುದು. ಡಯಾಗ್ರಾಮ್ ಬರೆಯುವವರಿಗೆ ಆ ಅವಕಾಶ ಇಲ್ಲ. ‘ಇನ್ ಅ ಕಾರ್’ ಅನ್ನು ‘ಥೀಫ್’ ಕೆಳಗೆ ನೇತುಹಾಕಬೇಕೋ ‘ಚೇಸ್ಡ್’ ಕೆಳಗೋ ಅಂತ ತೀರ್ಮಾನಿಸಲೇಬೇಕು. ಅರ್ಥ ಆಗದೆ ಗೆರೆ ಎಳೆಯಲು ಬರುವುದಿಲ್ಲ. ಈ ಪದ್ಧತಿ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ.

ಇನ್ನೊಂದು ಗೊಂದಲ, ಟ್ರೀ ಡಯಾಗ್ರಾಮ್. ಭಾಷಾಶಾಸ್ತ್ರದವರು ಬರೆಯುವ, ಅಮೆರಿಕದ ಭಾಷಾಶಾಸ್ತ್ರಜ್ಞ ಚಾಮ್‌ಸ್ಕಿ ನಂತರ ಎಲ್ಲೆಡೆ ಹರಡಿದ ತಲೆಕೆಳಗಾದ ಮರದ ಚಿತ್ರ ಅದು. ಸಾಮಾನ್ಯವಾಗಿ ಅದರ ಕೆಳತುದಿಯಲ್ಲಿ ಪದಗಳು ವಾಕ್ಯದ ಸಾಲಿನಲ್ಲೇ ನಿಲ್ಲುತ್ತವೆ. ರೀಡ್ ಮತ್ತು ಕೆಲಾಗ್ ಪದ್ಧತಿಗೆ ಸಾಲು ಲೆಕ್ಕಕ್ಕಿಲ್ಲ. ‘ಯು ಆರ್ ಕಮಿಂಗ್’ ಆಗಲಿ, ‘ಆರ್ ಯು ಕಮಿಂಗ್’ ಆಗಲಿ, ಎಡಕ್ಕೆ ‘ಯು’, ಬಲಕ್ಕೆ ‘ಆರ್ ಕಮಿಂಗ್’. ಎರಡರ ಗೆರೆಗಳೂ ಒಂದೇ.