ಕಡಲಿಂದ ಬಂದ ಹಳೆ ಬೋಟ್ ಎಂಜಿನ್: ದುಡ್ಡು ಕೊಡುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಮ್ಮದು ಕುಣಿಗಲ್ ತಾಲ್ಲೂಕು. ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವ ಫೈಬರ್ ದೋಣಿಗೆ ಮಲ್ಪೆ ಕಡೆಯ ಹಳೆ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗೆ ಕಟ್ಟುವುದು) ತಗೊಳ್ಳೋಣ ಅಂತಿದ್ದೀವಿ. ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಉತ್ತರ: ಸದ್ದು ಕೇಳಿ ಒಪ್ಪಿಕೊಳ್ಳಬೇಡಿ. ಈ ಎಂಜಿನ್ ತಂಪಾಗಲು ಸುತ್ತಲಿನ ನೀರನ್ನೇ ಹೀರುತ್ತದೆ. ಕಡಲಲ್ಲಿ ಓಡಿಸಿ ಸಿಹಿನೀರಲ್ಲಿ ತೊಳೆಯದೆ ಬಿಟ್ಟರೆ ಉಪ್ಪು ಒಳಗಿನ ದಾರಿಯಲ್ಲೇ ಕಟ್ಟಿಕೊಳ್ಳುತ್ತದೆ, ಅಲ್ಯೂಮಿನಿಯಂ ತಿನ್ನುತ್ತದೆ. ಮೇಲೆ ಹೊಸ ಪೇಂಟ್ ಹೊಡೆದಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಮುಚ್ಚಳ ತೆಗೆಸಿ ಹೆಡ್ (ಸಿಲಿಂಡರಿನ ತುದಿ ಮುಚ್ಚುವ ಭಾಗ) ಮುಟ್ಟಿ ನೋಡಿ. ಬಿಸಿಯಿದ್ದರೆ, ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ಪೂರ್ತಿ ಆರುವ ತನಕ ಕಾಯಿರಿ. ಮುದಿ ಎಂಜಿನ್ನಿನ ನಿಜ ಗೊತ್ತಾಗುವುದು ತಣ್ಣಗಿದ್ದಾಗ ಹಗ್ಗ ಎಳೆದಾಗಲೇ. ಹೆಡ್ ಮೇಲಿನ ಪೇಂಟ್ ಸುಟ್ಟು ಬಣ್ಣಗೆಟ್ಟಿದ್ದರೆ ಎಂಜಿನ್ ಒಮ್ಮೆಯಾದರೂ ಅತಿಯಾಗಿ ಕಾದಿರುವ ಸಾಧ್ಯತೆ ಹೆಚ್ಚು.

ಆಮೇಲೆ ಕೆಳಗಿನ ಗೇರ್ ಆಯಿಲ್. ತಳದ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೀಳಿಸಿ. ಹಾಲು ಬೆರೆಸಿದ ಟೀ ಬಣ್ಣ ಬಂದರೆ ಸೀಲ್ ಹೋಗಿ ನೀರು ನುಗ್ಗಿದೆ. ಪ್ರೊಪೆಲ್ಲರ್ ಶಾಫ್ಟಿಗೆ ಬಲೆಯ ನೂಲು ಸುತ್ತಿಕೊಂಡು ಸೀಲ್ ಕೊಯ್ದುಹೋಗುವುದು ಮೀನುಗಾರರ ಎಂಜಿನ್‌ಗಳಲ್ಲಿ ಆಗುವಂಥದ್ದೇ. ಸೀಲ್ ಹಾಕಿಸಬಹುದು. ಆಯಿಲ್ ಜೊತೆ ಲೋಹದ ಚೂರು ಬಂದರೆ ಮಾತ್ರ ಗೇರೇ ಸವೆದಿದೆ, ಬಿಟ್ಟುಬಿಡಿ.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ, ನೋಡದೆ ಮುಂಗಡ ಕೊಡಲೇಬೇಡಿ. ತುಮಕೂರಿನಲ್ಲಿ ಬೋಟ್ ಮೆಕ್ಯಾನಿಕ್ ಸಿಗದಿದ್ದರೂ ಬೈಕ್ ಮೆಕ್ಯಾನಿಕ್‌ಗಳಲ್ಲಿ ಅದನ್ನು ಅಳೆಯುವ ಗೇಜ್ ಇಟ್ಟುಕೊಂಡವರು ಸಿಗುತ್ತಾರೆ, ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಆ ತೂತಿಗೆ ಗೇಜ್ ಕೂರಿಸಿ, ಕಿಡಿ ಹಾರದಂತೆ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೆಯಬೇಕು. ಎರಡು ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿರಬಹುದು. ಆ ಕೆಲಸದ ಖರ್ಚು ಎಂಜಿನ್ ಬೆಲೆಯನ್ನೇ ಮುಟ್ಟೀತು.

ಕೊನೆಗೆ ಓಡಿಸಿ ನೋಡುವುದು. ನೀರಿಲ್ಲದೆ ಅರೆಗಳಿಗೆಯೂ ಓಡಿಸಲು ಬಿಡಬೇಡಿ. ನೀರೆಳೆಯುವ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿ ಕೆಳಭಾಗ ಮುಳುಗಿಸಿ, ಪ್ರೊಪೆಲ್ಲರ್ ಬಿಚ್ಚಿಟ್ಟು ಸ್ಟಾರ್ಟ್ ಮಾಡಿಸಿ. ಹಿಂಬದಿಯ ಸಣ್ಣ ತೂತಿನಿಂದ ನೀರು ಬಿಡದೆ ಚಿಮ್ಮುತ್ತಿರಬೇಕು. ಹತ್ತು ನಿಮಿಷವಾದರೂ ಓಡಲಿ, ಕಾದ ಮೇಲೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿಸಿ. ಧಾರೆ ಸಣ್ಣದಾದರೆ ಇಂಪೆಲ್ಲರ್ ಸವೆದಿರಬಹುದು, ಅದು ಸಣ್ಣ ಖರ್ಚು. ಹೊಸ ಇಂಪೆಲ್ಲರ್ ಹಾಕಿದರೂ ಧಾರೆ ಏಳದಿದ್ದರೆ ದಾರಿಯಲ್ಲಿ ಉಪ್ಪು ಕಟ್ಟಿರಬಹುದು.

ಹೊರಡುವ ಮುಂಚೆ ನಿಮ್ಮ ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆದುಕೊಳ್ಳಿ. ಔಟ್‌ಬೋರ್ಡ್‌ಗಳು ಸಾಮಾನ್ಯವಾಗಿ 15 ಅಥವಾ 20 ಇಂಚಿನ ಶಾಫ್ಟಿನಲ್ಲಿ ಬರುತ್ತವೆ, ಶಾಫ್ಟ್ ಆ ಹಲಗೆಯ ಎತ್ತರಕ್ಕೆ ಹೊಂದಬೇಕು. ಬೇಸಿಗೆಯಲ್ಲಿ ನೀರು ಇಳಿಯುವ ನಮ್ಮ ಕಡೆಯ ತಗ್ಗು ದೋಣಿಗೆ ಉದ್ದ ಶಾಫ್ಟ್ ಹಾಕಿದರೆ ಪ್ರೊಪೆಲ್ಲರ್ ಕೆಸರಿಗೂ ಮುಳುಗಿದ ಬೊಡ್ಡೆಗಳಿಗೂ ತಗಲುತ್ತಲೇ ಇರುತ್ತದೆ.