ಹೋಗುವಾಗ ಒಂದು ಗಂಟೆ, ಬರುವಾಗ ಎರಡು: ಕೊಲಂಬೊ–ಮಾಲೆ ವಿಮಾನದ ಲೆಕ್ಕ

ಪ್ರಶ್ನೆ: ಕೊಲಂಬೊದಿಂದ ಮಾಲ್ಡೀವ್ಸಿನ ರಾಜಧಾನಿ ಮಾಲೆಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತಿನ ಪ್ರಯಾಣ? ನಮ್ಮ ಟಿಕೆಟಿನಲ್ಲಿ ಹೋಗುವಾಗ 10ಕ್ಕೆ ಹೊರಟು 11ಕ್ಕೆ ತಲುಪುವುದಾಗಿಯೂ, ಬರುವಾಗ 1ಕ್ಕೆ ಹೊರಟು 3ಕ್ಕೆ ತಲುಪುವುದಾಗಿಯೂ ಇದೆ. ಇದು ಗಾಳಿಯ ಪ್ರಭಾವವೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡೂ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 775 ಕಿಲೋಮೀಟರ್, ಎಂದರೆ, ಹುಬ್ಬಳ್ಳಿಯಿಂದ ಹಾವೇರಿ, ದಾವಣಗೆರೆಯ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗಿಬರುವ ದಾರಿಗಿಂತ ತುಸು ಕಡಿಮೆ. ಇದನ್ನು ಮನೆಯಲ್ಲಿಯೇ ಲೆಕ್ಕ ಹಾಕಬಹುದು. ಮಾಲೆಯು ಕೊಲಂಬೊಗಿಂತ ಸುಮಾರು 3 ಡಿಗ್ರಿ ದಕ್ಷಿಣಕ್ಕೂ 6.3 ಡಿಗ್ರಿ ಪಶ್ಚಿಮಕ್ಕೂ ಇದೆ. ಸಮಭಾಜಕ ವೃತ್ತ ಹತ್ತಿರವಿರುವುದರಿಂದ ಇಲ್ಲಿ ಅಕ್ಷಾಂಶದ ಡಿಗ್ರಿಯೂ ರೇಖಾಂಶದ ಡಿಗ್ರಿಯೂ ಉದ್ದದಲ್ಲಿ ಹೆಚ್ಚುಕಡಿಮೆ ಸಮ, ತಲಾ 111 ಕಿಲೋಮೀಟರ್. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರವನ್ನು ಹಚ್ಚಿದರೆ ಕರ್ಣ 7 ಡಿಗ್ರಿ ಬರುತ್ತದೆ; ಅದನ್ನು 111ರಿಂದ ಗುಣಿಸಿದರೆ 777.

ಗಂಟೆಗೆ 800 ಕಿಲೋಮೀಟರ್ ಹಾರುವ ಜೆಟ್ ವಿಮಾನಕ್ಕೆ ಇದು ಒಂದು ಗಂಟೆಯೊಳಗಿನ ದಾರಿ ಎನಿಸೀತು. ಆದರೆ ಆ ವೇಗ ಸಿಗುವುದು ಎತ್ತರಕ್ಕೆ ಏರಿದ ಮೇಲೆ ಮಾತ್ರ. ಏರುವ, ಇಳಿಯುವ ಹೊತ್ತು, ರನ್‌ವೇಗೆ ಸಾಗುವ, ಸರದಿಗೆ ಕಾಯುವ ಹೊತ್ತು ಸೇರಿ ಪ್ರಯಾಣ ಸುಮಾರು ಒಂದೂವರೆ ಗಂಟೆಯಾಗುತ್ತದೆ. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ.

ಹಾಗಿದ್ದರೆ ಟಿಕೆಟಿನ ವ್ಯತ್ಯಾಸ ಬಂದದ್ದು ಗಡಿಯಾರದಿಂದ. ಟಿಕೆಟಿನಲ್ಲಿ ಹೊರಡುವ ಹೊತ್ತನ್ನು ಹೊರಡುವ ಊರಿನ ಸಮಯದಲ್ಲಿ, ತಲುಪುವ ಹೊತ್ತನ್ನು ತಲುಪುವ ಊರಿನ ಸಮಯದಲ್ಲಿ ಮುದ್ರಿಸುವುದು ರೂಢಿ. ಶ್ರೀಲಂಕಾ 2006ರಿಂದ ನಮ್ಮದೇ ಸಮಯವನ್ನು ಪಾಲಿಸುತ್ತಿದೆ. ಮಾಲ್ಡೀವ್ಸ್ ಅದಕ್ಕಿಂತ ಅರ್ಧ ಗಂಟೆ ಹಿಂದಿದೆ. ಹೋಗುವಾಗ ಈ ಅರ್ಧ ಗಂಟೆ ಕಳೆದು ಒಂದು ಗಂಟೆಯಾಗಿ, ಬರುವಾಗ ಕೂಡಿ ಎರಡು ಗಂಟೆಯಾಗಿ ಕಾಣುತ್ತದೆ.

ಗಾಳಿಯ ಪಾತ್ರ ಇಲ್ಲವೆಂದಲ್ಲ, ಆದರೆ ಅದು ಇಷ್ಟು ಕಡಿಮೆ ದೂರದಲ್ಲಿ ಕೆಲವೇ ನಿಮಿಷಗಳದು. ಕುತೂಹಲದ ಸಂಗತಿಯೆಂದರೆ, ಮಳೆಗಾಲದಲ್ಲಿ ಧಾರವಾಡದ ಬಯಲಿನಲ್ಲಿ ನಮ್ಮ ಮುಖಕ್ಕೆ ಬಡಿಯುವುದು ಪಡುವಣ ಗಾಳಿಯಾದರೂ, ಅದೇ ತಿಂಗಳುಗಳಲ್ಲಿ ವಿಮಾನಗಳು ಹಾರುವ ಎತ್ತರದಲ್ಲಿ ದಕ್ಷಿಣ ಭಾರತ, ಶ್ರೀಲಂಕಾಗಳ ಮೇಲೆ ಗಾಳಿ ಮೂಡಣದಿಂದ ಬೀಸುತ್ತಿರುತ್ತದೆ. ಇನ್ನೂ ಮೇಲೆ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇದು ಪ್ರಬಲವಾದ ಜೆಟ್ ಪ್ರವಾಹವೇ ಆಗಿರುತ್ತದೆ. ಇದನ್ನು 1950ರ ದಶಕದಲ್ಲಿ ಗುರುತಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಆದ್ದರಿಂದ ಮಳೆಗಾಲದಲ್ಲಿ ಮಾಲೆಯ ಕಡೆಗೆ ಹೋಗುವ ವಿಮಾನಕ್ಕೆ ಗಾಳಿ ಬೆನ್ನಿಗಿರುತ್ತದೆ.

ನಿಲ್ದಾಣದಿಂದ ಊರಿಗೆ ಹೋಗುವ ಹೊತ್ತನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಕೊಲಂಬೊದ ನಿಲ್ದಾಣ ಇರುವುದು ನಗರದಿಂದ 30 ಕಿಲೋಮೀಟರಿಗೂ ದೂರದ ಕಟುನಾಯಕದಲ್ಲಿ. ಮಾಲೆಯ ನಿಲ್ದಾಣವಂತೂ ಹುಲ್ಹುಲೆ ಎಂಬ ಬೇರೆಯೇ ದ್ವೀಪದಲ್ಲಿದೆ. 2018ರಲ್ಲಿ ಸೇತುವೆಯಾಗುವ ಮೊದಲು ವಿಮಾನದಿಂದ ಇಳಿದವರು ದೋಣಿ ಹತ್ತಿಯೇ ಊರು ಸೇರಬೇಕಿತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. ಮಾಲ್ಡೀವ್ಸಿನ ಕೆಲವು ರೆಸಾರ್ಟುಗಳು, ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು, ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದೆ ಇಟ್ಟುಕೊಂಡಿರುತ್ತವೆ. ಮರಳುವ ದಿನ ಅಲ್ಲಿನ ದೋಣಿ ಹೊರಡುವ ಹೊತ್ತನ್ನು ಕೇಳುವಾಗ, ಅದು ಯಾವ ಗಡಿಯಾರದ ಹೊತ್ತು ಎಂಬುದನ್ನೂ ಕೇಳಿಕೊಳ್ಳಿ.