ಅಕ್ಕ ಬಂತು ಅಂದರೆ ತಪ್ಪಾ?

ಸಿನಿಮಾದ ಕಥೆ ನಡೆಯುವುದು ಕಾರವಾರದ ಬಂದರಿನಲ್ಲಿ. ಮೀನುಗಾರ ಬಾಯಿ ತೆರೆದರೆ ‘ಎಂತ ಮಾರಾಯ್ರೆ, ಉಂಟಲ್ಲ’ ಎನ್ನುತ್ತಾನೆ. ಅದು ಮಂಗಳೂರು ಕಡೆಯ ಕನ್ನಡ, ತುಳುವಿನ ನೆರಳಲ್ಲಿ ಬೆಳೆದದ್ದು. ಕಾರವಾರದವನ ಕನ್ನಡಕ್ಕೆ ಕೊಂಕಣಿಯ ರಾಗ, ಮೇಲೊಂದಿಷ್ಟು ಮರಾಠಿ. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಇದ್ದದ್ದು ಮುಂಬಯಿ ಆಡಳಿತದಲ್ಲಿ, ಮಂಗಳೂರು ಮದ್ರಾಸಿನದರಲ್ಲಿ. ಸಿನಿಮಾದವರಿಗೆ ಮಾತ್ರ ಸಮುದ್ರ ಕಂಡಲ್ಲೆಲ್ಲ ಒಂದೇ ಕರಾವಳಿ.

ನಾನು ಶಿರಸಿಯವನು, ಡಬ್ಬಿಂಗ್ ಸ್ಟುಡಿಯೋದಲ್ಲಿ ಕಲಾವಿದರ ಉಚ್ಚಾರ ತಿದ್ದುವುದು ನನ್ನ ಕೆಲಸ. ‘ಗೊತ್ತಿಲ್ಲದವರು ಸಿನಿಮಾ ಮಾಡ್ತ’ ಎಂದು ಊರಲ್ಲಿ ಬೈಯುತ್ತಾರೆ. ಎಷ್ಟೋ ಸಲ ಗೊತ್ತಿದ್ದೇ ಹೀಗಾಗುತ್ತದೆ. ಚಿತ್ರೀಕರಣದಲ್ಲಿ ನಟ ‘ಬರ್ತೀನಿ’ ಅಂದಿರುತ್ತಾನೆ. ನಮ್ಮ ಕಡೆಯ ಹವ್ಯಕ ಬ್ರಾಹ್ಮಣರ ಮಾಣಿ (ಹುಡುಗ) ಅನ್ನಬೇಕಾದ್ದು ‘ಬತ್ತಿ’. ಮೂರಕ್ಷರದ ಜಾಗಕ್ಕೆ ಎರಡು! ದನಿ ನಿಂತ ಮೇಲೂ ಬಾಯಿ ಆಡುತ್ತಿರುತ್ತದೆ. ಅದಕ್ಕೂ ಮೊದಲು ‘ಆನು’ (ನಾನು) ಸೇರಿಸೋಣವೆಂದರೆ ‘ಬ’ ಅನ್ನಲು ತುಟಿ ಮುಚ್ಚುವ ಕ್ಷಣ ತಪ್ಪುತ್ತದೆ. ಪ, ಬ, ಮ ತಪ್ಪಿದರೆ ಎಂಥ ಪ್ರೇಕ್ಷಕನಿಗೂ ಗೊತ್ತಾಗುತ್ತದೆ.

ಅರ್ಥದ ತೊಡಕು ಬೇರೆ. ಒಮ್ಮೆ ‘ಅಕ್ಕ ಬಂತು’ ಎಂದು ಹೇಳಿಸಿದೆ. ನಮ್ಮಲ್ಲಿ ಹೆಂಗಸರಿಗೆ ನಪುಂಸಕಲಿಂಗ, ಅಗೌರವವೇನೂ ಇಲ್ಲ. ಗಾಜಿನಾಚೆ ಕೂತಿದ್ದ ಬೆಂಗಳೂರಿನವರು, ‘ಏನ್ ಸಾರ್, ಹಸು ಬಂತು ಅನ್ನೋ ಹಾಗಿದೆ’ ಅಂದರು. ‘ಬಂದ್ಳು’ ಆಯಿತು. ಬದಲಿಸಿಕೊಟ್ಟವನು ನಾನೇ.

ಹಾಗಂತ ಊರಿಗೆ ಹೊಂದದ ಮಾತೆಲ್ಲ ತಪ್ಪಲ್ಲ. ಯಕ್ಷಗಾನದ ರಾವಣ ಗ್ರಾಂಥಿಕ ಕನ್ನಡ ಆಡಿದರೆ ಲಂಕೆಯ ಭಾಷೆ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಚಿತ್ರಗಳ ರೋಮನ್ ಸೇನಾಪತಿ ಬ್ರಿಟಿಷರಂತೆ ಮಾತಾಡುವುದೂ ಇಂಥದೇ ಒಪ್ಪಂದ. ಆದರೆ ನಮ್ಮ ಯಕ್ಷಗಾನದ ಆಟದಲ್ಲಿ ಊರಿನ ಮಾತು ಹಾಸ್ಯಗಾರನ ಪಾಲು. ಸಿನಿಮಾದಲ್ಲೂ ಹಾಗೇ: ನಾಯಕನಿಗೆ ಬೆಂಗಳೂರು ಕನ್ನಡ, ಅಡುಗೆ ಭಟ್ಟನಿಗೆ ಹವ್ಯಕ. ಆಟದ ಹಾಸ್ಯಗಾರ ರಾಜನನ್ನೇ ಕಿಚಾಯಿಸುತ್ತಾನೆ. ಸಿನಿಮಾದ ಭಟ್ಟ ಬಡಿಸಿ, ನಗಿಸಿ, ಒಳಗೆ ಹೋಗುತ್ತಾನೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಈಗೀಗ ಸ್ಕ್ರಿಪ್ಟ್ ಕೈಗೆ ಬಂದರೆ ಮೊದಲು ನಾಯಕನ ತಾಯಿಯ ಮಾತು ಹುಡುಕುತ್ತೇನೆ. ಆಯಿ ಶಿರಸಿಯ ಮಾತಾಡಿ ಮಗ ಬೆಂಗಳೂರಿನದು ಆಡಿದರೆ, ‘ಇವನನ್ನು ಸಣ್ಣವನಿದ್ದಾಗಲೇ ಬೆಂಗಳೂರಿನ ಹಾಸ್ಟೆಲಿಗೆ ಹಾಕಿಬಿಡಿ’ ಎಂದು ಸಂಭಾಷಣೆ ಬರೆಯುವವರಿಗೆ ಹೇಳುತ್ತೇನೆ. ಒಂದು ಸಾಲು ಸಾಕು. ಅದನ್ನು ಆಯಿಯ ಬಾಯಲ್ಲೇ ಬೈಗುಳದಂತೆ ಹೇಳಿಸಿದರೆ ಇನ್ನೂ ಅಡ್ಡಿಲ್ಲೆ.